ನವೆಂಬರ್ ಐದರ ಗೊಂಬೆ

ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನೀರಜಾ ಗಂಡನ ಅಂಗಿಗಳನ್ನು ಮಡಚುತ್ತಿದ್ದಳು. ನಾಲ್ಕಿರಬೇಕು, ಮೂರೇ ಇದ್ದವು. ಯಂತ್ರದೊಳಗೆ ಕೈಹಾಕಿ ತಡಕಿದಳು, ಬುಟ್ಟಿಯನ್ನು ಬೋರಲು ಹಾಕಿದಳು. ನೀಲಿ ಗೆರೆಯ ಅಂಗಿ ಇಲ್ಲ. ಮುಂದಿನ ಸರದಿಯವನು ಬಾಗಿಲಲ್ಲಿ ನಿಂತು ಗಡಿಯಾರ ನೋಡತೊಡಗಿದ. ಹಾಕಿಕೊಳ್ಳುವವರಿಲ್ಲದ ಅಂಗಿಗಳನ್ನು ತಿಂಗಳಿಗೊಮ್ಮೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ಕಪಾಟಿನಲ್ಲಿಡುವ ಕೆಲಸಕ್ಕೆ ಹದಿಮೂರು ವರ್ಷ ದಾಟಿತ್ತು.

ಗಂಡ ರಾಜಗೋಪಾಲ ಸರಕು ಹಡಗಿನ ಎಂಜಿನಿಯರ್. ಇವರು ನೆಲೆಸಿದ್ದ ಪರದೇಶದ ಊರಾದ ಹೆಲ್ಸಿಂಗ್‌ಬೋರ್ಯ್ ಬಂದರಿನಿಂದ ಹೊರಟ ಹಡಗು ಮೂರನೆಯ ದಿನ ಅವನಿಲ್ಲದೆ ಇನ್ನೊಂದು ಬಂದರು ಸೇರಿತ್ತು. ದೇಹ ಸಿಗಲಿಲ್ಲ. ಸತ್ತ ಎಂದು ಯಾರೂ ಖಂಡಿತವಾಗಿ ಹೇಳಲಿಲ್ಲ, ಅದಕ್ಕೇ ಇವಳೂ ಹೇಳಲಿಲ್ಲ.

ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದವಳು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟಳು. ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತಿತ್ತು. ಕೆಳಮನೆಯ ಇಂಗ್ಲಿಷ್ ಮುದುಕಿ ಮಾರ್ಗರೆಟ್ ಸೌದೆ ಒಟ್ಟುತ್ತಿದ್ದಳು. ನಾನೂರು ವರ್ಷಗಳ ಹಿಂದೆ ರಾಜನನ್ನು ಪಾರ್ಲಿಮೆಂಟಿನ ಸಮೇತ ಸಿಡಿಸಲು ಹೊರಟು ಸಿಕ್ಕಿಬಿದ್ದವನೊಬ್ಬನ ಗೊಂಬೆ ಮಾಡಿ, ಹಳೇ ಬಟ್ಟೆ ತೊಡಿಸಿ, ನವೆಂಬರ್ ಐದಕ್ಕೆ ಸುಡುವುದು ಅವಳ ದೇಶದ ಪದ್ಧತಿ. ಹಳೇ ಬಟ್ಟೆ ಇದ್ದರೆ ಕೊಡಿ ಎಂದು ವಾರದಿಂದ ಕಟ್ಟಡದವರನ್ನೆಲ್ಲ ಕೇಳುತ್ತಿದ್ದಳು. ಗೊಂಬೆ ಕುರ್ಚಿಯ ಮೇಲೆ ಕೂತಿತ್ತು. ನೀಲಿ ಗೆರೆಯ ಅಂಗಿ ತೊಟ್ಟಿತ್ತು. ಹದಿನಾರರ ಮಗಳು ಇಂಚರಾ ಅದರ ತೋಳಿಗೆ ಹಳೇ ಪೇಪರು ತುರುಕುತ್ತಿದ್ದಳು.

"ಇದು ಅಪ್ಪನದು ಕಣೇ!"

"ಗೊತ್ತು."

"ಗೊತ್ತಿದ್ದೂ ಕೊಟ್ಯಾ?"

"ಅಮ್ಮಾ, ಪ್ಲೀಸ್, ಕೂಗ್ಬೇಡ. ಅದ್ರಲ್ಲಿ ಅಪ್ಪ ಎಲ್ಲಿದಾರೆ ಹೇಳು? ಅಪ್ಪ ಅಂದ್ರೆ ನಂಗೆ ಬರೀ ಡಿಟರ್ಜೆಂಟ್ ಸ್ಮೆಲ್. ತೊಳ್ದೂ ತೊಳ್ದೂ ಇದ್ದಿದ್ದನ್ನೂ ಕಳೆದ್ಬಿಟ್ಟೆ ನೀನು." ಇಂಚರಾ ಪೇಪರು ಕೆಳಗೆ ಹಾಕಿದಳು. "ಆ ಲೆಟರೂ ಅಷ್ಟೇ. ಪೋಸ್ಟ್ ಮಾಡಿದೀನಿ ಅಂತ ಚಿಕ್ಕಪ್ಪಂಗೆ ಎಷ್ಟು ಸಲ ಹೇಳ್ದೆ? ಇನ್ನೂ ನಿನ್ನ ಬ್ಯಾಗಲ್ಲೇ ಇದೆ. ಅಲ್ಲಿಯ ಪೋಸ್ಟ್‌ಮ್ಯಾನ್ ನಡ್ಕೊಂಡೇ ಮೈಸೂರಿಗೆ ಬರ್ತಾನಾ ಅಂತ ಅವ್ರು ನನ್ನ ಕೇಳಿದ್ರು."

ಮೈದುನ ಶಂಕರ ಬರೆದು ಒಂದೂವರೆ ವರ್ಷವಾಗಿತ್ತು. ಕಾಣೆಯಾದವರಿಗಾಗಿ ಕಾಯುವ ಹನ್ನೆರಡು ವರ್ಷ ಮುಗಿಯಿತು, ದೇಹ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ದಹನ ಮಾಡಬೇಕು, ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ನಾನೇ ಇಡುತ್ತೇನೆ, ಅತ್ತಿಗೆ ಸ್ವಹಸ್ತದಲ್ಲಿ ಒಪ್ಪಿಗೆ ಬರೆದು ಕಳಿಸಲಿ ಎಂದಿದ್ದ. ನೀರಜಾ ಅದೇ ವಾರ ಬರೆದಿದ್ದಳು. ಕಳಿಸಲು ಮಾತ್ರ ಆಗಿರಲಿಲ್ಲ. ಕಳಿಸಿದ ದಿನ ಗಂಡನನ್ನು ತಾನೇ ಸಾಯಿಸಿದಂತೆ ಎನ್ನಿಸುತ್ತಿತ್ತು.

ತಾಯಿ ಮಗಳ ಮುಖ ನೋಡಿ ಮಾರ್ಗರೆಟ್ ಗಾಬರಿಯಾದಳು. "ಏನಾದರೂ ತಪ್ಪಾಯಿತಾ? ಬಿಚ್ಚಿ ಕೊಡಲಾ? ಈ ಖದೀಮನಿಗೆ ನನ್ನ ನೈಟಿ ಹಾಕಿದರೂ ನಡೆಯುತ್ತದೆ," ಎಂದಳು ಇಂಗ್ಲಿಷಿನಲ್ಲಿ.

ನೀರಜಾ ಬುಟ್ಟಿ ಇಳಿಸಿ ಗೊಂಬೆಯ ಮುಂದೆ ಮಂಡಿಯೂರಿದಳು. ಇಂಚರಾ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿದ್ದಳು. ನೀರಜಾ ಒಂದೊಂದಾಗಿ ಎಲ್ಲ ಬಿಚ್ಚಿದಳು. ಅಂಗಿ ಕಳಚಬೇಕು, ಅಷ್ಟೇ. ಆದರೆ ಕೈ ಹಾಗೇ ಮತ್ತೆ ಮೇಲಿನಿಂದ ಸರಿಯಾಗಿ ಹಾಕುತ್ತ ಬಂತು.

"ತೋಳು ಹೀಗೆ ಇಳಿಬಿಡ್ತಿರಲಿಲ್ಲ ಅವರು," ಎಂದು ಎರಡೂ ತೋಳನ್ನು ಎರಡೆರಡು ಮಡಿಕೆ ಮಡಚಿದಳು.

ಮಾರ್ಗರೆಟ್ಟೂ ಇಂಚರಾಳೂ ಗೊಂಬೆಯನ್ನೆತ್ತಿ ಸೌದೆಯ ಮೇಲೆ ಕೂರಿಸಿದರು. ಇದ್ದವರಲ್ಲಿ ಚಿಕ್ಕವರು ಹಚ್ಚಬೇಕಂತೆ. ಕಡ್ಡಿಪೆಟ್ಟಿಗೆ ಹಿಡಿದು ಇಂಚರಾ ತಾಯಿಯತ್ತ ತಿರುಗಿದಳು.

"ಹಚ್ಚು. ಕೈ ಜೋಪಾನ."

ಗೊಂಬೆ ಎದ್ದ ಕುರ್ಚಿಯಲ್ಲಿ ನೀರಜಾ ಕುಳಿತಳು. ಬೆಂಕಿ ಮೊದಲು ಪೇಪರಿಗೆ ಹತ್ತಿತು, ಆಮೇಲೆ ಗೆರೆಗೆರೆಯಾಗಿ ಅಂಗಿಗೆ. ಊರಿನ ಯಾವುದೋ ಮೂಲೆಯಲ್ಲಿ ಬಾಣವೊಂದು ಮೇಲೆ ಹೋಗಿ ಸಿಡಿಯಿತು. ಅವಳಿಗೆ ಅಳು ಬರಲಿಲ್ಲ, ಕಾಲು ನೋಯುತ್ತಿತ್ತು. ಮಾರ್ಗರೆಟ್ ಕೆಂಡದಲ್ಲಿ ಸುಟ್ಟ ಆಲೂಗಡ್ಡೆ ತಂದು ನೀಡಿದಾಗ ಇವತ್ತು ಬೇಡವೆಂದಳು. ಮನೆಗೆ ಬಂದು ತಾಯಿ ಮಗಳಿಬ್ಬರೂ ಒಬ್ಬರಾದ ಮೇಲೊಬ್ಬರು ತಲೆಗೆ ನೀರು ಹಾಕಿಕೊಂಡರು. ಹಾಕಿಕೋ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನ ಹಳದಿ ಅಂಚೆಪೆಟ್ಟಿಗೆಯ ಮುಂದೆ ನೀರಜಾ ಲಕೋಟೆ ಹರಿದು, ಕಾಗದವನ್ನು ಬ್ಯಾಗಿನ ಮೇಲಿಟ್ಟುಕೊಂಡು ಇನ್ನೊಂದು ಸಾಲು ಸೇರಿಸಿದಳು: "ಬೆಂಕಿ ಇಂಚರಾ ಇಡುತ್ತಾಳೆ. ಡಿಸೆಂಬರ್ ರಜೆಗೆ ಬರುತ್ತೇವೆ." ಟೇಪು ಅಂಟಿಸಿ ಪೆಟ್ಟಿಗೆಗೆ ಹಾಕಿದಳು.

"ತಲುಪೋಕೆ ಎಷ್ಟು ದಿನ ಬೇಕು?" ಪಕ್ಕದಲ್ಲಿ ನಿಂತಿದ್ದ ಇಂಚರಾ ಕೇಳಿದಳು.

"ಹತ್ತು ದಿನ ಆಗ್ಬಹುದು."

ಇಂಚರಾ ಪೆಟ್ಟಿಗೆಯ ಬಾಯಿಯ ಮುಚ್ಚಳವನ್ನು ಬೆರಳಿನಿಂದ ಎತ್ತಿ ಒಳಗೆ ಇಣುಕಿದಳು.

"ಹಾಗಾದ್ರೆ ಇನ್ನೂ ಹತ್ತು ದಿನ ಅಪ್ಪ ಇರ್ತಾರೆ," ಎಂದಳು.