ಬೋಳಿಸಿದ ಮಲ್ಲಿಗೆ

ಎದುರುಮನೆಯ ಬೀಗ ತೆಗೆದು ಕೃಷ್ಣಪ್ರಸಾದರು ಸರಕ್ಕನೆ ಒಳಗೆ ನುಗ್ಗಿದರು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ತಂಬಿಗೆ. ತಂಬಿಗೆ ಬರೀ ತೋರಿಕೆಗೆ. ಮೆಟ್ಟಿಲಲ್ಲಿ ಯಾರಾದರೂ ಕಂಡರೆ ಗಿಡಕ್ಕೆ ನೀರು ಹಾಕಲು ಹೊರಟಿದ್ದೇನೆ ಎನ್ನಬಹುದಲ್ಲ! ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ.

ಬಾಲ್ಕನಿಯ ಕುಂಡದಲ್ಲಿ ವಿಜಯರಾಜರ ಮಲ್ಲಿಗೆ ಗಿಡ ಬಾಡಿ ನಿಂತಿತ್ತು. ನೀರು ನಿಲ್ಲಿಸಿ ವಾರವಾಗಿತ್ತು, ಆದರೂ ಹಾಳಾದದ್ದು ಸತ್ತಿರಲಿಲ್ಲ. ಕೃಷ್ಣಪ್ರಸಾದರು ಕುಕ್ಕರಗಾಲಲ್ಲಿ ಕೂತು ಎಲೆ ಕೀಳತೊಡಗಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮಾಡುವ ಕೆಲಸವೇ ಇದು?

ಮಾಡದೆ ಗತಿಯಿರಲಿಲ್ಲ. ಪಣದಲ್ಲಿದ್ದದ್ದು ಮೀಸೆ.

ಮೂಡುಬಿದಿರೆಯ ಆ ಫ್ಲ್ಯಾಟಿನಲ್ಲಿ ಕೃಷ್ಣಪ್ರಸಾದರ ಮೀಸೆಯನ್ನು ಅರಿಯದವರಿಲ್ಲ. ಮದುವೆಯಾದಾಗ ಅದು ಇರಲಿಲ್ಲ. ಮ್ಯಾನೇಜರ್ ಆದ ವರ್ಷ ಗತ್ತಿಗೆಂದು ಬಿಟ್ಟದ್ದು ಎರಡೂ ಕೆನ್ನೆಗೆ ಹಬ್ಬುತ್ತ ಹೋಯಿತು. ಪಾಯಸ ಕುಡಿದರೆ ಅರ್ಧ ಅದರದ್ದೇ ಪಾಲು.

ಅವರೂ ವಿಜಯರಾಜರೂ ಒಂದೇ ದಿನ, ಒಂದೇ ನರ್ಸರಿಯಿಂದ ಮಲ್ಲಿಗೆ ಗಿಡ ತಂದಿದ್ದರು. “ನಮ್ಮ ವೇಣೂರಿನ ಮನೆಯಲ್ಲಿ ಅಮ್ಮ ಇದಕ್ಕೆ...” ಎಂದು ಹೆಂಡತಿ ಶುಭಶ್ರೀ ಅವತ್ತೇ ಏನೋ ಹೇಳಹೊರಟಿದ್ದರು. “ಅದು ಅಂಗಳದ ಗಿಡ, ಇದು ಕುಂಡದ್ದು. ನಿಂಗೆ ಗೊತ್ತಾಗ್ಲಿಕ್ಕಿಲ್ಲ,” ಎಂದು ಕೃಷ್ಣಪ್ರಸಾದರು ಬಾಯಿ ಮುಚ್ಚಿಸಿದ್ದರು. ಶುಭಶ್ರೀ ಮತ್ತೆ ಆ ಮಾತೆತ್ತಲಿಲ್ಲ.

ತುಳುವರ ಹೊಸವರ್ಷವಾದ ಬಿಸು ಹಬ್ಬದೊಳಗೆ ಯಾರ ಗಿಡ ಹೂ ಬಿಡುತ್ತದೆ ಎಂಬ ಜಗಳ ಶುರುವಾದದ್ದು ಫ್ಲ್ಯಾಟಿನ ಚಹಾಕೂಟದಲ್ಲಿ. ತಾನು ಸೋತರೆ ಎಲ್ಲರಿಗೂ ಹೋಳಿಗೆ ಊಟ ಎಂದರು ಬಟ್ಟೆ ಅಂಗಡಿಯ ವಿಜಯರಾಜರು. ನನ್ನದೂ ಊಟ ಎನ್ನಲು ಕೃಷ್ಣಪ್ರಸಾದರು ಬಾಯಿ ತೆರೆಯುವಷ್ಟರಲ್ಲಿ ಶುಭಶ್ರೀ ಹೇಳಿಬಿಟ್ಟರು:

“ಊಟ ಯಾರು ಬೇಕಾದ್ರೂ ಹಾಕ್ತಾರೆ. ನಮ್ಮವರು ಸೋತರೆ ಮೀಸೆ ಬೋಳಿಸ್ತಾರೆ.”

ಚಪ್ಪಾಳೆಯೋ ಚಪ್ಪಾಳೆ. ಗಂಡನ ಮೇಲೆ ಎಂಥ ನಂಬಿಕೆ! ಕೃಷ್ಣಪ್ರಸಾದರ ಎದೆ ಉಬ್ಬಿತು. ಇನ್ನು ಹಿಂದೆಗೆಯುವ ಮಾತೇ ಇರಲಿಲ್ಲ.

ತಮ್ಮ ಗಿಡವನ್ನು ಅವರು ಮಗುವಿನಂತೆ ಮುದ್ದು ಮಾಡಿದರು. ನಡುಮನೆಯಲ್ಲಿ ಫ್ಯಾನಿನ ಕೆಳಗೆ ಜಾಗ, ಹೊತ್ತುಹೊತ್ತಿಗೆ ನೀರು, ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುವ ಸೇವೆ. ಎಲೆಗಳು ಮಿರಮಿರ ಮಿಂಚಿದವು. ಮೊಗ್ಗು ಮಾತ್ರ ಇಲ್ಲವೇ ಇಲ್ಲ.

ಬಿಸುವಿಗೆ ಎರಡು ತಿಂಗಳಿರುವಾಗ ವಿಜಯರಾಜರು ಬೆಳ್ತಂಗಡಿಯಲ್ಲಿ ಹೊಸ ಅಂಗಡಿ ತೆರೆಯಲು ಮನೆಮಂದಿಯೊಡನೆ ಹೊರಟರು. ಬೀಗದ ಕೈಯನ್ನು ಎದುರಾಳಿಗೇ ಕೊಟ್ಟರು. “ಬಿಸುವಿಗೆ ಬರ್ತೇನೆ. ಗಿಡ ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೆ.”

“ಆ ಗಿಡ ಒಣಗಿ ಹೋದರೆ?” ಎಂದು ಕೃಷ್ಣಪ್ರಸಾದರು ಹೆಂಡತಿಯ ಕಿವಿಯಲ್ಲಿ ಉಸುರಿದರು. ಬೈಗುಳ ಬೀಳುತ್ತದೆಂದು ಹೆದರಿದ್ದರು. ಬೀಳಲಿಲ್ಲ.

“ನೀರು ನಿಲ್ಲಿಸಿ,” ಎಂದರು ಶುಭಶ್ರೀ. ವಾರದ ಮೇಲೆ ಕತ್ತರಿ ಕೈಗಿತ್ತರು. “ಇನ್ನೂ ಜೀವ ಉಂಟಾ? ಎಲೆ ಎಲ್ಲ ಬೋಳಿಸಿಬಿಡಿ. ತುದಿಗಳನ್ನೂ ಕತ್ತರಿಸಿ. ದಾಕ್ಷಿಣ್ಯ ಬೇಡ.”

ಹಾಗೆ ಬಂದದ್ದು ಈ ಕೆಲಸಕ್ಕೆ. ಬೋಳು ಕಡ್ಡಿಗಳಷ್ಟೇ ಉಳಿದ ಕುಂಡವನ್ನು ಕೃಷ್ಣಪ್ರಸಾದರು ಬಿರುಬಿಸಿಲಿಗೆ ಎಳೆದಿಟ್ಟು ಮನೆಗೆ ಮರಳಿದರು. ಶುಭಶ್ರೀ ಬಕೆಟ್ ಹಿಡಿದು ನಿಂತಿದ್ದರು. ಒಳಗೆ ಏನೋ ಕೊಳೆತ ಕಂದು ನೀರು, ಮೂಗು ಕಿತ್ತುಹೋಗುವ ನಾತ.

“ಇದನ್ನು ಬುಡಕ್ಕೆ ಸುರಿಯಿರಿ. ಈ ವಾಸನೆಗೆ ಮನುಷ್ಯರೇ ಉಳಿಯುವುದಿಲ್ಲ, ಗಿಡದ ಪಾಡೇನು!”

ಸುರಿದದ್ದಾಯಿತು. ಆಮೇಲೆ ಆ ಕಡೆ ತಲೆಹಾಕುವ ಧೈರ್ಯ ಅವರಿಗೆ ಬರಲಿಲ್ಲ. “ಮುಂದಿನದ್ದು ನಾನು ನೋಡಿಕೊಳ್ತೇನೆ, ಬೀಗದ ಕೈ ಕೊಡಿ,” ಎಂದು ಶುಭಶ್ರೀ ಕೈಯೊಡ್ಡಿದರು. ಇಂಥ ಹೆಂಡತಿ ಯಾರಿಗುಂಟು ಎಂದು ಕೃಷ್ಣಪ್ರಸಾದರು ಮೀಸೆ ತಿರುವಿಕೊಂಡರು.

ಬಿಸುವಿನ ಬೆಳಿಗ್ಗೆ ವಿಜಯರಾಜರು ಬಂದು ಬಾಗಿಲು ತೆರೆದರು. ಕೃಷ್ಣಪ್ರಸಾದರು ಸಾವಿನ ಮನೆಗೆ ಹೊರಟ ಮುಖ ಮಾಡಿಕೊಂಡು ಹಿಂದೆಯೇ ಹೋದರು. ಘಮ್ಮೆಂದಿತು. ಕುಂಡದಲ್ಲಿ ಎಲೆಗಿಂತ ಹೂವೇ ಹೆಚ್ಚು! ಬಾಲ್ಕನಿ ಬೆಳ್ಳಗಾಗಿತ್ತು.

ವಿಜಯರಾಜರು ಅವರನ್ನು ಬಾಚಿ ತಬ್ಬಿಕೊಂಡರು. “ಚಿಗುರು ಕತ್ತರಿಸಿದ್ದೀರಿ, ಕಡಲೆಹಿಂಡಿ ಕೊಳೆಸಿ ಬೇರೆ ಹಾಕಿದ್ದೀರಿ! ಮೀಸೆ ಹೋಗ್ತದೆ ಅಂತ ಗೊತ್ತಿದ್ದೂ ಇಷ್ಟು ಮಾಡಿದ್ರಲ್ಲ ಮಾರಾಯ್ರೆ!”

ಕೃಷ್ಣಪ್ರಸಾದರ ಕೈ ತಾನಾಗಿ ಮೀಸೆಗೆ ಹೋಯಿತು. ನಿತೇಶನ ಸೆಲೂನಿಗೆ ಇಡೀ ಫ್ಲ್ಯಾಟೇ ಅವರನ್ನು ಮೆರವಣಿಗೆ ಮಾಡಿತು.

ಮುಖಕ್ಕೆ ಕರವಸ್ತ್ರ ಒತ್ತಿ ಹಿಡಿದು ಅವರು ಮನೆಗೆ ಬಂದರು. ಮಲ್ಲಿಗೆ ಮುಡಿದ ಶುಭಶ್ರೀ ಬಾಗಿಲಲ್ಲೇ ಕಾದಿದ್ದರು. ಕರವಸ್ತ್ರ ಸರಿಸಿ, ಬೋಳು ತುಟಿಯ ಮೇಲೆ ಲೊಚಕ್ಕನೆ ಒಂದು ಮುತ್ತಿಟ್ಟರು.

“ಎಲೆ ಬೋಳಿಸಿದರೆ ಮಲ್ಲಿಗೆ ಹೂ ಬಿಡ್ತದೆ ಅಂತ ನಂಗೆ ಚಿಕ್ಕಂದಿನಿಂದಲೇ ಗೊತ್ತುಂಟು, ಈ ಮೀಸೆ ಬೋಳಿಸುವುದು ಹೇಗೆ ಅಂತ ಮಾತ್ರ ಇಷ್ಟು ವರ್ಷ ಗೊತ್ತಾಗಿರ್ಲಿಲ್ಲ.”