ಸುಣ್ಣ, ಬೆಲ್ಲ ಮತ್ತು ಅಮ್ಮನ ಕಂಕುಳು

ಈಗಲೂ ಪಾನ್ ಅಂಗಡಿಯ ಮುಂದೆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಅದು ಹೋಳಿಯ ಮರುದಿನದ ಮಧ್ಯಾಹ್ನ. ವಿಲೆ ಪಾರ್ಲೆಯ ನಮ್ಮ ಚಾಳಿನ ಮೆಟ್ಟಿಲಿನಿಂದ ಬಣ್ಣ ಇನ್ನೂ ಹೋಗಿರಲಿಲ್ಲ. ಅಮ್ಮನ ಕಂಕುಳಲ್ಲಿ ಗೋಲಿಯಂಥ ಗಟ್ಟಿ ಗಂಟಿತ್ತು. ಅತ್ತೆ ಸುಣ್ಣಕ್ಕೆ ಬೆಲ್ಲ ಕಲಸಿ, ವೀಳ್ಯದೆಲೆಗೆ ಬಳಿದು, ಗಂಟಿನ ಮೇಲೆ ಅಂಟಿಸಿದರು.

“ಹೀಟಿನ ಕುರು ಮಾರಾಯ್ತಿ. ನೋವು ಉಂಟಾ?”

“ಇಲ್ಲ.”

“ಮತ್ತೆಂತ ಹೆದರಿಕೆ?”

ಅದೇ ಎಲೆ, ಅದೇ ಮಾತು, ಆಗಲೇ ತಿಂಗಳುಗಟ್ಟಲೆ ನಡೆದಿತ್ತು. ಅವತ್ತು ನಾನು ಊಟ ಬಿಟ್ಟು ಹಟ ಹಿಡಿದ ಮೇಲೆ ಅಮ್ಮ ಡಾಕ್ಟರ ಬಳಿಗೆ ಹೊರಟಳು. ಎಲೆ ಬಿದ್ದೀತೆಂದು ಲೋಕಲ್ ರೈಲಿನಲ್ಲಿ ಹಿಡಿಕೆಗೂ ಕೈ ಎತ್ತಲಿಲ್ಲ. ಬೆಲ್ಲದ ನೀರು ರವಿಕೆಯ ತೋಳಿಗಿಳಿದು ಅಂಟಂಟಾಗಿತ್ತು.

ಮಾಟುಂಗದ ಲೇಡಿ ಡಾಕ್ಟರ್ ನಮ್ಮ ಊರಿನ ಕಡೆಯವರೇ. ಆದರೂ ಅಮ್ಮ ನನ್ನನ್ನು ಮುಂದೆ ತಳ್ಳಿ, “ಇವಳಿಗೆ ಕೆಮ್ಮು” ಅಂದಳು. ಡಾಕ್ಟರ್ ಚೀಟಿ ಬರೆಯತೊಡಗಿದರು.

“ನಂಗೆ ಕೆಮ್ಮಿಲ್ಲ. ಅಮ್ಮನ ಕಂಕುಳಲ್ಲಿ ಗಂಟು ಉಂಟು,” ಎಂದು ನಾನು ಗದರಿಯೇ ಹೇಳಿದೆ.

ಡಾಕ್ಟರ್ ಎಲೆ ತೆಗೆಸಿ, ಒತ್ತಿ ನೋಡಿದರು. “ಯಾವಾಗಿಂದ?”

“ಮೊನ್ನೆಯಿಂದ,” ಅಂದಳು ಅಮ್ಮ.

“ದೀಪಾವಳಿಯಿಂದ,” ಅಂದೆ ನಾನು. ಅಮ್ಮ ನನ್ನ ತೊಡೆ ಚಿವುಟಿದಳು.

“ನೋವು ಉಂಟಾ?”

“ಚೂರೂ ಇಲ್ಲ ಡಾಕ್ಟ್ರೇ.” ಅಮ್ಮ ಗೆದ್ದವಳಂತೆ ನನ್ನತ್ತ ನೋಡಿದಳು.

ಡಾಕ್ಟರ್ ನನ್ನ ಕೆಮ್ಮಿನ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಮೆಲ್ಲಗೆ, “ನೋವಿಲ್ಲದ ಗಂಟಿಗೇ ಹೆದರ್ಬೇಕು. ನೋವಿದ್ದಿದ್ರೆ ದೀಪಾವಳಿಗೇ ಬರ್ತಿದ್ರಿ,” ಅಂದರು.