ಮಿಲಿಟರಿ ಡಬ್ಬಿ

ಗುಡ್ಡದ ಮೇಲೆ ನಮ್ಮ ಡೇರೆಯ ಪಕ್ಕದಲ್ಲೇ ಒಬ್ಬ ಮುದುಕ ಮೂರು ಕಲ್ಲಿಟ್ಟು ಒಲೆ ಹೂಡಿದ್ದ. ಮೈಮೇಲೆ ಹಸಿರು ಮಿಲಿಟರಿ ಜಾಕೀಟು. ಮುಂದೆ, ಸೈನಿಕರು ಅಡುಗೆಗೂ ಊಟಕ್ಕೂ ಬಳಸುವ, ಒಂದರೊಳಗೊಂದು ಕೂರುವ ಎರಡು ಅಲ್ಯೂಮಿನಿಯಂ ಡಬ್ಬಿ. ನನಗೆ ಗೌರವ ಮೂಡಿತು. ಆದರೆ ಅವನು ಡಬ್ಬಿಯ ಮಡಿಸಿದ ಹಿಡಿಯನ್ನು ಬಿಚ್ಚದೆಯೇ ಉರಿಯ ಮೇಲಿಟ್ಟು, ಬರಿಗೈಯಲ್ಲಿ ಎತ್ತಲು ಹೋಗಿ ಬೆರಳು ಸುಟ್ಟುಕೊಂಡ. ಅಷ್ಟರಲ್ಲಿ ಅನ್ನವೂ ಸೀದಿತು.

ನನಗೆ ನಗು ತಡೆಯಲಾಗಲಿಲ್ಲ. "ಏನ್ರಿ ಅಜ್ಜಾರ, ಮಿಲಿಟ್ರ್ಯಾಗ ಇಷ್ಟೂ ಕಲಿಸಲಿಲ್ಲೇನ್ರಿ?" ಎನ್ನುತ್ತ ಹಿಡಿ ಬಿಚ್ಚಿ ತೋರಿಸಿದೆ.

"ಹೌದಾ? ಹಿಂಗ ತೆಗೀಬೇಕೇನು?" ಎಂದು ಅವನೂ ಒಮ್ಮೆ ಬಿಚ್ಚಿ, ಮಡಿಸಿ ನೋಡಿದ. ಸೀದ ಅನ್ನವನ್ನೇ ಎರಡೂ ಡಬ್ಬಿಗೆ ಸಮನಾಗಿ ಬಡಿಸಿದ.

"ಎಷ್ಟು ವರ್ಷ ಸರ್ವಿಸ್ ಮಾಡೀರಿ?"

"ನಾ ಮಿಲಿಟ್ರಿಯಾಂವ ಅಲ್ಲಪ್ಪ, ದರ್ಜಿ. ಮಿಲಿಟ್ರಿಯಾಂವ ನನ್ನ ಮಗ."

"ಮತ್ತ ಅವರಿಗೇ ಕೇಳಿ ಕಲೀಬೇಕಿತ್ತಲ್ರಿ?"

"ರಜಾಕ್ಕ ಬಂದಾಗ ಇದೇ ಗುಡ್ಡಕ್ಕ ಕರ್ಕೊಂಡು ಬಂದು, ಇದರಾಗ ಅನ್ನ ಮಾಡಿ ಉಣಸ್ತೀನಿ ಅಪ್ಪಾ ಅಂದಿದ್ದ," ಎಂದ ಮುದುಕ. "ಡಬ್ಬಿ ಅಷ್ಟ ಬಂದ್ವು."